ಅಟ್ಟ ಖಾಲಿಯಾದ ವಾರ

ನಮ್ಮ ಕಟ್ಟಡದ ಗಾಳಿಗೆ ವರ್ಷಕ್ಕೊಂದು ಸಲ ಪರೀಕ್ಷೆ ನಡೆಯುತ್ತದೆ. ಹೀಗೆಂದರೆ ನಮ್ಮ ಕಡೆ ಜನ ನಗುತ್ತಾರೆ. "ಗಾಳಿಗೂ ಪರೀಕ್ಷೆನಾ? ಫೇಲಾದ್ರೆ ಮತ್ತೆ ಕಟ್ಟಿಸ್ತಾರೇನಕ್ಕ?" ಎಂದು ನನ್ನ ತಮ್ಮನೇ ಕೇಳಿದ್ದ. ಆಗ ನಾನೂ ನಕ್ಕಿದ್ದೆ.

ಆ ಪರೀಕ್ಷೆ ಪ್ರತಿ ವರ್ಷವೂ ಪಾಸಾಗುತ್ತಿತ್ತು. ಯಾರೂ ಸುಳ್ಳು ಹೇಳಲಿಲ್ಲ, ಯಾರ ಕೈಗೂ ಯಾರೂ ಏನೂ ಇಡಲಿಲ್ಲ. ನ್ಯಾಯವಾಗಿಯೇ ಪಾಸಾಗುತ್ತಿತ್ತು. ನನ್ನ ತಲೆ ಕೆಡಿಸುವುದು ಅದೇ. ಮೋಸವಾಗಿದ್ದರೆ ಮೋಸ ಮಾಡಿದವರನ್ನು ಬೈದು ಸುಮ್ಮನಾಗಬಹುದಿತ್ತು.

ಕಟ್ಟಡ ಇರುವುದು ತಿಪಟೂರಿನ ಪೇಟೆಯಲ್ಲಿ. ನೆಲಮಹಡಿಯಲ್ಲಿ ಬಟ್ಟೆ ಅಂಗಡಿ, ಅದರ ಮೇಲೆ ಸಾಲ ಕೊಡುವ ಒಂದು ಕಚೇರಿ, ಅದರ ಮೇಲೆ ತಾರಸಿ. ಬಟ್ಟೆ ಅಂಗಡಿಯ ಕೆಳಗೆ, ಸೆಲ್ಲಾರಿನಲ್ಲಿ, ನನ್ನ ಹೊಲಿಗೆ ಘಟಕ. ಶಾಲೆಗಳ ಸಮವಸ್ತ್ರ ಹೊಲಿಯುತ್ತೇವೆ. ಸುತ್ತಲ ಊರುಗಳಿಂದ ಹೆಂಗಸರು ಬಸ್ಸಿನಲ್ಲಿ ಬರುತ್ತಾರೆ. ಸೆಲ್ಲಾರಿಗೆ ಕಿಟಕಿ ಇಲ್ಲ. ಹಿತ್ತಲ ಕಡೆಯ ಗೋಡೆಯಲ್ಲಿ, ಮೇಲುಗಡೆ, ಹೊರಗಿನ ಗಾಳಿ ಒಳಗೆ ಬರಲು ಒಂದು ಜಾಲರಿ. ಎದುರು ಗೋಡೆಯಲ್ಲಿ ಒಳಗಿನ ಗಾಳಿ ಹೊರಗೆ ಹೋಗಲು ಇನ್ನೊಂದು ಜಾಲರಿ. ಅದರ ಹಿಂದೆ ಒಂದು ದೊಡ್ಡ ಫ್ಯಾನು. ಆ ಫ್ಯಾನು ನಮ್ಮ ಗಾಳಿಯನ್ನು ಎಳೆದು ತಗಡಿನ ಕೊಳವೆಯಲ್ಲಿ ತಾರಸಿಯವರೆಗೆ ದಬ್ಬುತ್ತದೆ. ತಾರಸಿಯ ಮೇಲೆ ಶೀಟಿನ ಮಾಡು ಹಾಕಿದ ಒಂದು ಕೋಣೆ. ಕೊಳವೆಯ ಬಾಯಿ ಅಲ್ಲಿ ತೆರೆದುಕೊಳ್ಳುತ್ತದೆ. ಬಟ್ಟೆ ಅಂಗಡಿಯ ಎಸಿಯ ಹೊರಗಿನ ಪೆಟ್ಟಿಗೆಗಳನ್ನು ಕೂರಿಸಿರುವುದೂ ಅಲ್ಲೇ. ಬಿಸಿಗಾಳಿ ಹೊರಗೆ ಹೋಗಲೆಂದು ಕೋಣೆಯ ಸುತ್ತ ಗೋಡೆಯ ಬದಲು ಕಂಬಿಗಳು.

ಸಾಲದ ಕಚೇರಿಯ ಮೇಲಧಿಕಾರಿಗಳು ಪ್ರತಿ ವರ್ಷ ಕೇಳುತ್ತಾರೆಂದು ಕಟ್ಟಡದ ಯಜಮಾನರು ತುಮಕೂರಿನಿಂದ ಇಂಜಿನಿಯರೊಬ್ಬರನ್ನು ಕರೆಸುತ್ತಿದ್ದರು. ಬಳ್ಳಾರಿ ಕಡೆಯ ಹುಡುಗ, ಬಹಳ ಮರ್ಯಾದೆಯವನು. ಅವನು ಫ್ಯಾನು, ಎಸಿ, ವೈರು ಎಲ್ಲ ನೋಡುತ್ತಿದ್ದ. ಆಮೇಲೆ ಹೊಗೆ ಬಿಡುವ ಒಂದು ಕಡ್ಡಿಯನ್ನು ಫ್ಯಾನಿನ ಜಾಲರಿಯ ಹತ್ತಿರ ಹಿಡಿಯುತ್ತಿದ್ದ. ಹೊಗೆ ಯಾರೋ ಜುಟ್ಟು ಹಿಡಿದು ಎಳೆದಂತೆ ಸರ್ರನೆ ಒಳಗೆ ಹೋಗುತ್ತಿತ್ತು. "ಭಾಳ ಚಲೋ ಐತ್ರಿ" ಎನ್ನುತ್ತಿದ್ದ. ಯಜಮಾನರು ಅವನಿಗೆ ಎಳನೀರು ಕೊಡಿಸಿ, ಮನೆಗೆ ಕರೆದುಕೊಂಡು ಹೋಗಿ ಊಟ ಹಾಕಿ ಕಳಿಸುತ್ತಿದ್ದರು.

ನಮ್ಮ ಕಟಿಂಗ್ ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತೇವೆ. ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಶೆಟ್ಟಿಕೆರೆಯಿಂದ ಬರುತ್ತಾರೆ. ಪ್ರತಿ ಸೋಮವಾರ ಒಪ್ಪತ್ತು ಮಾಡುತ್ತಿದ್ದರು. ರಾತ್ರಿ ದೀಪ ಹಚ್ಚಿ ಲಿಂಗಪೂಜೆ ಮಾಡಿ ಉಣ್ಣುವವರೆಗೆ ನೀರು ಬಿಟ್ಟು ಬೇರೇನೂ ಇಲ್ಲ. ಲಂಗ ಉಡುವ ವಯಸ್ಸಿನಲ್ಲಿ ಅವರ ಅಜ್ಜಿಯ ಜೊತೆ ಶುರು ಮಾಡಿದ್ದಂತೆ. ಬಸುರಿ ಬಾಣಂತಿಯಾಗಿದ್ದಾಗ ಬಿಟ್ಟರೆ ಮತ್ತೆಂದೂ ತಪ್ಪಿಸಿದವರಲ್ಲ. ಸೋಮವಾರ ಅವರ ಕತ್ತರಿ ಇನ್ನೂ ಚುರುಕಾಗಿ ಓಡುತ್ತದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಅವರು ಬಿದ್ದದ್ದು ಶ್ರಾವಣದ ಒಂದು ಸೋಮವಾರ. ನಾನು ಕಂಡಷ್ಟನ್ನೇ ಹೇಳುತ್ತೇನೆ.

ಬೆಳಗಿನಿಂದ ಜಿಟಿಜಿಟಿ ಮಳೆ. ಗಾಳಿ ಬೀಸುತ್ತಿರಲಿಲ್ಲ. ಕರೆಂಟು ಹೋಗಿ ಹಿತ್ತಲಲ್ಲಿ ಜನರೇಟರು ಶುರುವಾಯಿತು. ನಮ್ಮ ಫ್ಯಾನೂ ಅದರ ಮೇಲೇ ಓಡುತ್ತದೆ, ಓಡುತ್ತಲೂ ಇತ್ತು. ಅದರ ಸದ್ದು ನನಗೆ ಈಗಲೂ ಕಿವಿಯಲ್ಲಿದೆ. ಊಟದ ಹೊತ್ತಿಗೆ ಮುಂಚೆ ಮಾಯಸಂದ್ರದ ಹುಡುಗಿ ತಲೆ ಸಿಡಿಯುತ್ತಿದೆ ಎಂದಳು. ಅವಳ ಪಕ್ಕದವಳು ತನಗೂ ಹಾಗೇ ಎಂದಳು. ನನಗೂ ಹಣೆಯ ಸುತ್ತ ಬಿಗಿಯಾಗಿ ಪಟ್ಟಿ ಕಟ್ಟಿದಂತಿತ್ತು. ಮಳೆಗೆ ಶೀತವಾಗಿದೆ ಅಂದುಕೊಂಡೆ. ಅಕ್ಕ ಮೇಜಿನ ಮೇಲೆ ನೀಲಿ ಬಟ್ಟೆ ಹರಡಿ ಬಳಪದಲ್ಲಿ ಗೆರೆ ಎಳೆಯುತ್ತಿದ್ದರು. ಗೆರೆ ಸೊಟ್ಟಗೆ ಹೋಯಿತು. ನಾನು ಅದನ್ನು ನೋಡಿದೆ. ಅಕ್ಕನ ಗೆರೆ ಸೊಟ್ಟಗೆ ಹೋದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅವರು ಬಳಪ ಇಟ್ಟು ಎರಡೂ ಅಂಗೈಯನ್ನು ಮೇಜಿನ ಮೇಲೆ ಊರಿದರು. "ಯಾಕೋ ನೆಲ..." ಎಂದರು. ಮಾತು ಮುಗಿಯಲಿಲ್ಲ. ಬಟ್ಟೆಯನ್ನೂ ಎಳೆದುಕೊಂಡು ಕುಸಿದರು. ನೀಲಿ ಬಟ್ಟೆ ಅವರ ಮೇಲೆ ಬಿತ್ತು, ಮುಖ ಕಾಣಲಿಲ್ಲ. ಬಟ್ಟೆ ಸರಿಸಿದೆ. ಕಣ್ಣು ಅರ್ಧ ತೆರೆದಿದ್ದವು. ಕೂಗಿದರೆ ಓಗೊಡಲಿಲ್ಲ.

ಅವರನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ನಮ್ಮ ಕಾಲುಗಳಲ್ಲೂ ಶಕ್ತಿ ಇರಲಿಲ್ಲ. ಯಜಮಾನರೇ ಕಾರು ತಂದರು. ಅದನ್ನೂ ಹೇಳಬೇಕು. ಮಳೆಯಲ್ಲಿ ನೆನೆಯುತ್ತ ತಾವೇ ಬಾಗಿಲು ತೆರೆದು, ಅಕ್ಕನ ತಲೆಗೆ ತಮ್ಮ ಟವೆಲನ್ನು ಮಡಿಸಿ ಇಟ್ಟರು.

ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕ ಹಾಕಿದರು. ಸಂಜೆಯ ಹೊತ್ತಿಗೆ ಅಕ್ಕ ಮಾತಾಡಿದರು. ಡಾಕ್ಟರು ನನ್ನನ್ನು ಕೇಳಿದರು, "ಎಲ್ರಿಗೂ ತಲೆನೋವಿತ್ತಾ? ಜನರೇಟರ್ ಹೊಗೆ ಒಳಗೆ ಬರುತ್ತಾ? ಗಾಳಿ ಸರಿಯಾಗಿ ಆಡುತ್ತಾ ನೋಡಿಸಿ." ಹೊರಡುವಾಗ ಇನ್ನೊಂದು ಮಾತು ಸೇರಿಸಿದರು. "ಖಾಲಿ ಹೊಟ್ಟೆ ಬೇರೆ."

ಆ ಕೊನೆಯ ಮಾತನ್ನು ಅವರು ಹೇಳಬಾರದಿತ್ತು. ಅಲ್ಲಿದ್ದವರೆಲ್ಲ ಹಿಡಿದುಕೊಂಡದ್ದು ಅದೊಂದನ್ನೇ. ಆಸ್ಪತ್ರೆಯ ಬಾಗಿಲು ದಾಟುವ ಮೊದಲೇ ತೀರ್ಮಾನವಾಗಿಹೋಯಿತು. "ನಾನು ಹೇಳ್ನಿಲ್ವಾ? ಈ ವಯಸ್ನಲ್ಲಿ ಒಪ್ಪತ್ತು ಬೇಕಾ?" ಎಂದರು ಯಜಮಾನರು. "ದೇವ್ರೇನು ಉಪವಾಸ ಸಾಯಿ ಅಂದಿದ್ನಾ?" ಎಂದರು ಬಟ್ಟೆ ಅಂಗಡಿಯವರು. ಅಕ್ಕನ ಸೊಸೆಯಂತೂ ಅಳುತ್ತ, "ಇನ್ಮೇಕೆ ಸೋಮ್ವಾರ ಬುತ್ತಿ ತಿನ್ದೆ ಬಂದ್ರೆ ನಾನು ಕೆಲಸಕ್ಕೇ ಕಳ್ಸಾಕಿಲ್ಲ ಕಣತ್ತೆ" ಎಂದಳು.

"ಹಾಗಾದರೆ ನನಗೆ ಯಾಕೆ ತಲೆನೋವು ಬಂತು? ನಾನು ಬೆಳಿಗ್ಗೆ ರೊಟ್ಟಿ ತಿಂದಿದ್ದೆನಲ್ಲ?" ಎಂದು ಕೇಳಿದೆ.

"ನಿಮ್ಗೆ ಅಕ್ಕನ್ನ ನೋಡಿ ಗಾಬ್ರಿಯಾಗಿ ಬಂದಿರ್ತೈತೆ" ಎಂದರು ಯಜಮಾನರು, ಬಹಳ ಕನಿಕರದಿಂದ.

"ಅವರು ಬೀಳೋಕ್ ಮುಂಚೇನೇ ಬಂದಿತ್ತಲ್ಲ."

"ಅದ್ಕೇ ಗಾಬ್ರಿ ಅಂತಾರೆ ಕಣಮ್ಮ."



ಮಾರನೆಯ ಬೆಳಿಗ್ಗೆ ಸೆಲ್ಲಾರಿನಲ್ಲಿ ಒಬ್ಬಳೇ ದೇವರ ಪಟಕ್ಕೆ ಊದುಬತ್ತಿ ಹಚ್ಚಿದೆ. ಫ್ಯಾನು ಹಾಕಿದೆ. ಹೊಗೆ ಫ್ಯಾನಿನ ಜಾಲರಿಯ ಕಡೆ ಹೋಗಬೇಕಿತ್ತು, ಹೋಗಲಿಲ್ಲ. ನೇರವಾಗಿ ಮೇಲಕ್ಕೆದ್ದು ಚಾವಣಿಗೆ ತಗುಲಿ ಅಲ್ಲೇ ಹರಡಿಕೊಂಡು ನಿಂತಿತು. ಊದುಬತ್ತಿಯನ್ನು ಜಾಲರಿಗೇ ಹಿಡಿದು ನೋಡಿದೆ. ಫ್ಯಾನು ಗರ್ರೆಂದು ಸದ್ದು ಮಾಡುತ್ತಿದೆ, ಹೊಗೆ ಅಲುಗುತ್ತಿಲ್ಲ. ಸದ್ದು ಕೇಳಿ ಗಾಳಿ ಆಡುತ್ತಿದೆ ಎಂದುಕೊಂಡೇ ನಾವೆಲ್ಲ ಕೂತಿದ್ದೆವು. ಹಿತ್ತಲ ಜಾಲರಿಯಿಂದ ಒಳಗೆ ಬಂದ ಜನರೇಟರಿನ ಹೊಗೆಗೆ ಹೊರಗೆ ಹೋಗುವ ದಾರಿಯೇ ಇರಲಿಲ್ಲ.

ತಾರಸಿಗೆ ಹೋದೆ. ಕೋಣೆಯ ಬಾಗಿಲು ತೆಗೆದರೆ ಮೊದಲು ಮೂಗಿಗೆ ಬಂದದ್ದು ನನ್ನ ತವರುಮನೆಯ ವಾಸನೆ. ಒಣಸಿಪ್ಪೆಯ, ಬೆಚ್ಚಗಿನ ವಾಸನೆ. ಕಾಲು ತಾನಾಗಿಯೇ ಚಪ್ಪಲಿ ಬಿಟ್ಟಿತು. ನಮ್ಮಮ್ಮ ಚಪ್ಪಲಿ ಕಾಲಲ್ಲಿ ಅಟ್ಟಕ್ಕೆ ಹತ್ತಲು ಬಿಡುತ್ತಿರಲಿಲ್ಲ. ಈ ಕೋಣೆಯಲ್ಲೂ ನೆಲದಿಂದ ಗೇಣುದ್ದ ಮೇಲೆ ಅಡಿಕೆ ಮರದ ದಬ್ಬೆ ಹಾಸಿ, ಅದರ ಮೇಲೆ ಮಾಡು ಮುಟ್ಟುವಷ್ಟು ತೆಂಗಿನಕಾಯಿ ಪೇರಿಸಿದ್ದರು. ಮಳೆಯ ಇರಿಚಲು ಹೊಡೆಯದಿರಲಿ, ಇಲಿ ನುಗ್ಗದಿರಲಿ ಎಂದು ಕಂಬಿಗಳ ಸುತ್ತ ಗೋಣಿಚೀಲ ಬಿಗಿದಿದ್ದರು. ಗಾಳಿ ಕೊಳವೆಯ ಬಾಯಿ ಆ ರಾಶಿಯ ಹಿಂದೆ ಎಲ್ಲೋ ಮುಚ್ಚಿಹೋಗಿತ್ತು.

ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಉಂಡೆ ಕೊಬ್ಬರಿಗೆ ಕಾಯನ್ನು ಒಡೆದು ಬಿಸಿಲಿಗೆ ಹಾಕುವುದಿಲ್ಲ. ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ, ಹೆಚ್ಚುಕಡಿಮೆ ಒಂದು ವರ್ಷ ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ತಾನೇ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎನ್ನಬೇಕು. ಬೆಚ್ಚಗಿನ, ಒಣಗಿದ ಜಾಗವಾದರೆ ಒಳ್ಳೆಯದು. ನಡುವೆ ಇಳಿಸುವ ಮಾತೇ ಇಲ್ಲ. ಯಜಮಾನರು ಮೂರು ತಲೆಮಾರಿನಿಂದ ಕೊಬ್ಬರಿ ವ್ಯಾಪಾರದವರು. ಎಸಿಯ ಬಿಸಿಗಾಳಿ ಹಗಲೆಲ್ಲ ಪುಕ್ಕಟೆ ಬೀಸುವ ಕೋಣೆ ಕಂಡರೆ ಅಂಥವರಿಗೆ ಅದು ಅಟ್ಟವಾಗಿಯೇ ಕಾಣುತ್ತದೆ, ಬೇರೇನೂ ಆಗಿ ಕಾಣುವುದಿಲ್ಲ.

ಅವರ ಕೊಬ್ಬರಿ ಮಂಡಿಗೆ ಹೋಗಿ ಹೇಳಿದೆ. ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

"ಗಾಳಿ ಚೆನ್ನಾಗೈತೆ ಅಂತಾನೇ ಅಲ್ವೇನಮ್ಮ ನಾನು ಕಾಯಿ ಅಲ್ಲಿ ಹಾಕ್ಸಿರೋದು?"

"ಆ ಗಾಳಿ ನಮ್ದು, ಯಜಮಾನ್ರೆ. ಅದು ಹೊರಗೆ ಹೋಗ್ಬೇಕು."

"ಹೋಗ್ತೈತೆ. ಕಾಯಿ ಸಂದೀಲಿ ಹೋಗ್ತೈತೆ. ಕಾಯೇನು ಗೋಡೆನಾ?"

"ಗೋಣಿಚೀಲ?"

"ಗೋಣಿ ಬುಟ್ರೆ ಇರಿಚ್ಲು ಹೊಡ್ದು ಕಾಯಿ ಕೊಳ್ಯಲ್ವಾ? ಏರ್ಸಿ ಮೂರು ತಿಂಗ್ಳೂ ಆಗಿಲ್ಲ. ನೀರು ಹಂಗೇ ಐತೆ. ಈಗ ಇಳ್ಸಿ ಅಂದ್ರೆ, ನೀವೂ ತೆಂಗಿನ ಸೀಮೆ ಹೆಣ್ಮಗಳು, ನೀವೇ ಹೇಳಿ."

ನಾನು ತೆಂಗಿನ ಸೀಮೆಯ ಹೆಣ್ಣುಮಗಳಾದದ್ದೇ ಕಷ್ಟವಾಯಿತು. ಅವರು ಹೇಳುತ್ತಿದ್ದುದು ನನಗೆ ಪೂರ್ತಿ ಅರ್ಥವಾಗುತ್ತಿತ್ತು. ಅಕ್ಕ ಬಿದ್ದ ಮಾತನ್ನು ಮತ್ತೆ ಎತ್ತಿದೆ. ಅವರು ಎರಡೂ ಕೈ ಎತ್ತಿ, "ಅದು ಒಪ್ಪತ್ತು ಕಣಮ್ಮ" ಎಂದರು. ಸಂಜೆ ಅಕ್ಕನ ಮನೆಗೆ ಒಂದು ಗೊನೆ ಎಳನೀರು ಕಳಿಸಿದರು.

ಇಂಜಿನಿಯರಿಗೆ ಫೋನು ಮಾಡಿದೆ. ಯಜಮಾನರು ಕರೆದರೆ ಬರಬಹುದು, ತಾನಾಗಿ ಬರುವಂತಿಲ್ಲ ಎಂದ. "ನಿಮ್ಮ ಕಟ್ಟಡ ಈ ವರ್ಷ ಪಾಸಾಗೇತಲ್ರಿ ಮೇಡಂ" ಎಂದು ಸಮಾಧಾನ ಬೇರೆ ಮಾಡಿದ. ಪಾಸಾದದ್ದು ಹೇಗೆಂದು ಆಗ ಹೊಳೆಯಿತು. ಕಾಯಿ ಇಳಿಯುವುದು ವರ್ಷಕ್ಕೊಂದು ಸಲ, ಬೇಸಿಗೆಯಲ್ಲಿ. ಅಟ್ಟ ಒಂದು ವಾರ ಖಾಲಿ ಇರುತ್ತದೆ. ದಬ್ಬೆ ಗುಡಿಸಿ, ಗೋಣಿ ಒಗೆದು ಒಣಹಾಕುತ್ತಾರೆ. ಮನೆ ಚೊಕ್ಕಟವಾಗಿದ್ದಾಗ ನೆಂಟರನ್ನು ಕರೆಯುವಂತೆ, ಯಜಮಾನರು ಇಂಜಿನಿಯರನ್ನು ಕರೆಯುತ್ತಿದ್ದುದು ಆ ವಾರವೇ. ಮುಚ್ಚಿಡಬೇಕೆಂಬ ಯೋಚನೆ ಅವರಿಗಿರಲಿಲ್ಲ. ಹೊರಗಿನವರು ಬರುವಾಗ ಜಾಗ ಹರವಾಗಿರಲಿ ಎಂದಷ್ಟೇ. ಆ ಹುಡುಗ ಅಳೆಯುತ್ತಿದ್ದುದು ನಾವು ವರ್ಷವೆಲ್ಲ ಉಸಿರಾಡುವ ಗಾಳಿಯನ್ನಲ್ಲ, ಆ ಒಂದು ವಾರದ ಗಾಳಿಯನ್ನು.

ಘಟಕವನ್ನು ಬೇರೆ ಕಡೆ ಸಾಗಿಸೋಣವೆಂದರೆ ಮಿಷನ್ನುಗಳನ್ನು ಇಡುವಷ್ಟು ಜಾಗ ಪೇಟೆಯಲ್ಲಿ ಸಿಗಲಿಲ್ಲ. ಜನರೇಟರು ಶುರುವಾದರೆ ಸಾಕು, ಎಲ್ಲರನ್ನೂ ಎಬ್ಬಿಸಿ ಬೀದಿಗೆ ಕರೆದುಕೊಂಡು ಬರುತ್ತಿದ್ದೆ. ಬಟ್ಟೆ ಅಂಗಡಿಯವರಿಗೆ ಅದೊಂದು ಮೋಜು. "ಓ, ಕರೆಂಟ್ ಹೋಯ್ತು ಅಂತ ಕಾಣ್ತದೆ, ಕೋಳಿಗಳು ಗೂಡಿಂದ ಹೊರಗೆ ಬಂದ್ವು" ಎನ್ನುತ್ತಿದ್ದರು. ಅವರ ಎಸಿ ತಣ್ಣಗಾಗದೆ ವರ್ಷವೆಲ್ಲ ಮೆಕ್ಯಾನಿಕ್‌ನನ್ನು ಬೈಯುತ್ತಿದ್ದರು. ತಾರಸಿ ನೋಡಿ ಎಂದು ನಾನು ಹೇಳಿದ್ದೆ. "ನೀವು ಹೊಲಿಗೆ ನೋಡ್ಕಳಿ ಮೇಡಮ್" ಎಂದಿದ್ದರು.

ಅಕ್ಕ ಕೆಲಸಕ್ಕೆ ವಾಪಸು ಬಂದರು. ಮೇಜನ್ನು ಮೆಟ್ಟಿಲ ಬುಡಕ್ಕೆ ಎಳೆಸಿಕೊಟ್ಟೆ. ಸೋಮವಾರ ಮಧ್ಯಾಹ್ನ ಸೊಸೆ ಕಟ್ಟಿದ ಡಬ್ಬಿ ತೆಗೆದು, ಗೋಡೆಯ ಕಡೆ ಮುಖ ಮಾಡಿ, ನಾಲ್ಕು ತುತ್ತು ತಿಂದು ಮುಚ್ಚುತ್ತಿದ್ದರು. ಕದ್ದು ತಿನ್ನುವವರ ಹಾಗೆ. ನನಗೆ ನೋಡಲಾಗುತ್ತಿರಲಿಲ್ಲ.

"ಅಕ್ಕ, ಅದು ಉಪವಾಸದಿಂದ ಅಲ್ಲ. ಗಾಳಿಯಿಂದ."

"ಬುಡಿ ಕಣಮ್ಮ. ಅಷ್ಟು ವರ್ಷ ನಡೆಸ್ದ. ಇನ್ನು ಸಾಕು ಅಂದ ಅಂತ ಕಾಣ್ತದೆ."

"ಯಾರು ಅಂದದ್ದು?"

ಅವರು ಮೇಲೆ ನೋಡಿದರು. ಮೇಲೆ ಇದ್ದದ್ದು ತೆಂಗಿನಕಾಯಿ. ನನಗೆ ಸಿಟ್ಟಿಗೆ ಅಳು ಬಂತು. ಅಕ್ಕ ತಮ್ಮ ದೇವರೇ ತಮ್ಮನ್ನು ಬೇಡವೆಂದ ಎಂದು ನಂಬಿಕೊಂಡು ಬದುಕುತ್ತಿದ್ದರು. ಅವರು ಬಿದ್ದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಅಲುಗಾಡಿಸಿತು.

ಬೇಸಿಗೆ ಬಂತು. ಕಾಯಿ ಇಳಿಸುವ ಮಾತು ಮಂಡಿಯಲ್ಲಿ ಕಿವಿಗೆ ಬಿದ್ದದ್ದೇ ಇಂಜಿನಿಯರಿಗೆ ಮತ್ತೆ ಫೋನು ಮಾಡಿದೆ. ಹೇಗೂ ಅವನನ್ನು ಕರೆಯುವ ದಿನಗಳೇ. "ಒಂದು ವಾರ ಮುಂಚೆ ಬಂದರೆ ನಿಮಗೇನಾದರೂ ತೊಂದರೆಯೇ?" ಎಂದೆ. ತುರುವೇಕೆರೆಯ ಒಂದು ಕಲ್ಯಾಣ ಮಂಟಪದಲ್ಲಿ ಕೆಲಸವಿದೆ, ಸೋಮವಾರ ಹಾಗೇ ಬಂದುಹೋಗುತ್ತೇನೆ ಎಂದ.

ಬಂದ. ಮೊದಲು ಸೆಲ್ಲಾರಿಗೆ ಇಳಿದ. ಹೊಗೆಯ ಕಡ್ಡಿಯನ್ನು ಜಾಲರಿಗೆ ಹಿಡಿದ. ಹೊಗೆ ನಿಂತಲ್ಲೇ ನಿಂತಿತು. ಕಡ್ಡಿಯನ್ನೇ ಅನುಮಾನದಿಂದ ನೋಡಿ ಇನ್ನೊಂದು ತೆಗೆದ. ಅದರ ಹೊಗೆಯೂ ಅಲ್ಲೇ ಸುಳಿದು ಅವನ ಮುಖಕ್ಕೇ ವಾಪಸು ಬಂತು. ಕೆಮ್ಮಿದ. ಹೆಂಗಸರೆಲ್ಲ ಮಿಷನ್ನು ನಿಲ್ಲಿಸಿದ್ದರು.

"ಫ್ಯಾನ್ ಓಡಾಕತ್ತೈತಿ. ಗಾಳಿ ಯಾಕ ಹೋಗವಲ್ದು?"

"ಮೇಲೆ ಬನ್ನಿ" ಎಂದೆ.

ಕೋಣೆಯ ಬಾಗಿಲಲ್ಲಿ ಅವನು ಬಗ್ಗಿ ರಾಶಿಯ ಅಡಿಯ ದಬ್ಬೆ ನೋಡಿದ. "ಪ್ರತಿ ವರ್ಷ ಆ ದಬ್ಬಿ ನೋಡ್ತಿದ್ದೆ ರೀ. ನಡ್ಯಾಕ ಹಲಗಿ ಹಾಸ್ಯಾರ ಅಂದ್ಕೊಂಡಿದ್ದೆ" ಎಂದ. ಅಷ್ಟರಲ್ಲಿ ಯಜಮಾನರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

"ಏನ್ ಸಾರ್, ಹೇಳ್ದೆ ಕೇಳ್ದೆ ಬಂದ್ಬುಟ್ರಲ್ಲ? ಇನ್ನೂ ಖಾಲಿ ಆಗಿಲ್ಲ. ಮುಂದಿನ ವಾರ ಬನ್ನಿ, ಚೊಕ್ಕ ಮಾಡ್ಸಿರ್ತೀನಿ."

"ಮುಂದಿನ ವಾರ ಚೊಕ್ಕ ಇದ್ರ, ಅದರ ಮುಂದಿನ ವಾರ ಏನಿರ್ತದ್ರಿ?"

"ಹೊಸ ಕಾಯಿ ಹಾಕ್ತೀವಲ್ಲ" ಎಂದರು ಯಜಮಾನರು, ಯಾವ ಅಳುಕೂ ಇಲ್ಲದೆ.

ಆ ಹುಡುಗ ನನ್ನ ಮುಖ ನೋಡಿದ. ದಬ್ಬೆ ಕಿತ್ತು, ಗೋಣಿ ಬಿಚ್ಚಿ, ಕೋಣೆ ಬರಿದಾಗುವವರೆಗೆ ತಾನು ಪಾಸು ಮಾಡುವುದಿಲ್ಲ ಎಂದ. ಯಜಮಾನರು ಅದಕ್ಕೂ ಬಗ್ಗುತ್ತಿರಲಿಲ್ಲವೇನೋ. ಹಿಂದೆಯೇ ಹತ್ತಿ ಬಂದಿದ್ದ ಬಟ್ಟೆ ಅಂಗಡಿಯವರು ಕಾಯಿ ರಾಶಿಯಲ್ಲಿ ಹೂತುಹೋಗಿದ್ದ ತಮ್ಮ ಎಸಿ ಪೆಟ್ಟಿಗೆಗಳನ್ನು ಕಂಡರು. "ಅಯ್ಯೋ ನಿಮ್ಮ! ನನ್ ಎಸೀನ ಒಲೆ ಮಾಡ್ಕಂಡಿದ್ದೀರೇನ್ರೀ? ಆ ಮೆಕ್ಯಾನಿಕ್ಕನ್ನ ಇಷ್ಟು ದಿನ ಬಾಯಿಗೆ ಬಂದಂಗೆ ಬೈದ್ನಲ್ರೀ!" ಎಂದು ಬೀದಿಗೆ ಕೇಳುವಂತೆ ಕೂಗಿದರು. ಯಜಮಾನರ ಮುಖ ಬಾಡಿದ್ದು ಆಗ. ಒಬ್ಬ ಹೆಂಗಸು ಪ್ರಜ್ಞೆ ತಪ್ಪಿದ್ದು ಸಾಲದಾಗಿತ್ತು, ಅಂಗಡಿಗೆ ಬಂದ ಗಿರಾಕಿಗಳು ಬೆವೆತದ್ದು ಸಾಕಾಯಿತು. "ಆಯ್ತು, ಊರಿನ ಅಟ್ಟಕ್ಕೇ ಹಾಕ್ಸ್ತೀನಿ ಬುಡಿ" ಎಂದರು.

ಕೆಳಗೆ ಬಂದರೆ ಅಕ್ಕ ಜಾಲರಿಯ ಮುಂದೆ ನಿಂತಿದ್ದರು. ಇಂಜಿನಿಯರ ಹತ್ತಿರ ಬಂದು, "ಸ್ವಾಮಿ, ಅದನ್ನ ಇನ್ನೊಂದು ಸಲ ಹಿಡೀರಿ" ಎಂದರು. ಅವನು ಹಿಡಿದ. ಹೊಗೆ ಮೊದಲಿನ ಹಾಗೇ ನಿಂತಿತು. ಅಕ್ಕ ಅದನ್ನು ಕೊನೆಯ ಎಳೆ ಕರಗುವವರೆಗೂ ನೋಡಿದರು.

"ಉಂಡೋರು ಕುಂತಿದ್ರೂ ಹಿಂಗೇ ನಿಂತಿರೋದಾ ಇದು?"

"ಹೌದ್ರಿ ಅಮ್ಮಾ. ಹೊಗಿಗೆ ಏನ್ ಗೊತ್ತಾಗತೈತ್ರಿ ಯಾರು ಉಂಡಾರ, ಯಾರು ಉಂಡಿಲ್ಲ ಅಂತ?"

ಅಕ್ಕ ಮೇಜಿನ ಹತ್ತಿರ ಹೋದರು. ಚೀಲದಿಂದ ಡಬ್ಬಿ ತೆಗೆದು ತಂದು ನನ್ನ ಕೈಗಿಟ್ಟರು. "ಉಪ್ಪಿಟ್ಟು. ತಣ್ಣಗಾಗ್ತದೆ, ನೀವು ತಿಂದ್ಬುಡಿ. ಇವತ್ತು ಸೋಮ್ವಾರ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಇವತ್ತೇ ಶುರು ಮಾಡ್ಬೇಕೇನಕ್ಕ? ಕಾಯಿ ಇನ್ನೂ ಮೇಲೇ ಇದೆ. ಇವತ್ತು ಬಿದ್ರೆ ಎಲ್ಲಾರೂ ಮತ್ತೆ ಒಪ್ಪತ್ತಿನ ಮೇಲೇ ಹಾಕ್ತಾರೆ."

"ಹಾಕ್ಲಿ ಬುಡಿ. ನನಗೆ ಗೊತ್ತಾಯ್ತಲ್ಲ."

"ಗೊತ್ತಾದ್ರೆ ಮೆಟ್ಟಿಲ ಮೇಲೆ ಹೋಗಿ ಕೂತ್ಕೊಳ್ಳಿ, ಕಾಯಿ ಇಳಿಯೋವರೆಗೆ!"

ಅವರು ನಕ್ಕರು. ಶ್ರಾವಣದಿಂದ ಈಚೆಗೆ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ. ಬಟ್ಟೆಯ ಸುರುಳಿ, ಬಳಪ, ಕತ್ತರಿ ಎತ್ತಿಕೊಂಡು ಮೆಟ್ಟಿಲು ಹತ್ತಿ, ಬೀದಿಯ ಗಾಳಿ ಬರುವಲ್ಲಿ ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು ಕೂತರು. ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತು ಗೊಣಗುತ್ತ ಅವರ ಉಪ್ಪಿಟ್ಟು ತಿಂದೆ. ಅವರು ಎಳೆಯುತ್ತಿದ್ದ ಗೆರೆಯನ್ನು ನಡುನಡುವೆ ತಲೆ ಎತ್ತಿ ನೋಡುತ್ತಿದ್ದೆ. ಎಲ್ಲೂ ಸೊಟ್ಟಗಾಗಲಿಲ್ಲ.